ಮಿಕ್ಕ ಮದ್ದಿನ ಕಥೆ

ಕನ್ನಡದಲ್ಲಿ 'ಮದ್ದು' ಎಂಬ ಮಾತು ಎಷ್ಟು ಹಳೆಯದೋ ಅಷ್ಟೇ ಗುಮಾನಿಗೆ ಎಡೆಗೊಡುವಂಥದು. ರೋಗವನ್ನು ವಾಸಿಮಾಡುವುದೂ ಮದ್ದು. ಕೋವಿಗೆ ತುಂಬುವುದೂ ಮದ್ದು. ಆಗದವರು ಅನ್ನದಲ್ಲಿ ಬೆರೆಸಿ ಇಕ್ಕಿದರೆಂದು ಜನ ಹೆದರುವುದೂ ಮದ್ದೇ. ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವ ನಮ್ಮ ಚಿಕ್ಕಬಳ್ಳಾಪುರ, ಚಿಂತಾಮಣಿಗಳ ಸೀಮೆಯಲ್ಲಿ ತೆಲುಗಿನ 'ಮಂದು' ಇವೆಲ್ಲದರ ಜೊತೆಗೆ ಹೆಂಡವನ್ನೂ ಸೇರಿಸಿಕೊಂಡಿದೆ. ಗುಣಮಾಡುವ ವಸ್ತುವೂ ಕೊಲ್ಲುವ ವಸ್ತುವೂ ಒಂದೇ ಡಬ್ಬಿಯಲ್ಲಿರಬಹುದೆಂಬ ಅರಿವು ಈ ಮಾತನ್ನು ಬಳಕೆಗೆ ತಂದ ಜನಕ್ಕೆ ಇದ್ದೇ ಇದ್ದಿತು. ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜನು 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯದ ಗ್ರಂಥವನ್ನು ಕನ್ನಡದಲ್ಲಿ ಬರೆದುದು ಈ ಅರಿವಿನ ಫಲವೇ.

ಮದ್ದಿಗೂ ಆಯುಸ್ಸುಂಟೆಂಬುದೂ ನಮ್ಮವರಿಗೆ ಹೊಸ ಮಾತಲ್ಲ. ಚೂರ್ಣವು ಎರಡು ತಿಂಗಳಿಗೆ ಸತ್ತ್ವಗುಂದುವುದೆಂದೂ ಗುಳಿಗೆ, ಲೇಹ್ಯಗಳು ಒಂದು ವರ್ಷದ ಮೇಲೆ ಕೆಲಸಕ್ಕೆ ಬಾರವೆಂದೂ ಆಸವಗಳೂ ರಸೌಷಧಗಳೂ ಹಳೆಯವಾದಷ್ಟೂ ಗುಣ ಹೆಚ್ಚುವುವೆಂದೂ ಶಾರ್ಙ್ಗಧರ ಸಂಹಿತೆ ಹೇಳುತ್ತದೆ. ಇಂದು ಮಾತ್ರೆಯ ಹಾಳೆಯ ಬೆನ್ನಿನ ಮೇಲೆ ಮಸುಕಾಗಿ ಅಚ್ಚಾಗಿರುವ ತಿಂಗಳು, ವರ್ಷಗಳ ಪೂರ್ವಜ ಇದು ಎನ್ನಬಹುದು. ಆದರೆ ಸತ್ತ್ವಗುಂದಿದ ಚೂರ್ಣವನ್ನು ಎಲ್ಲಿ ಚೆಲ್ಲಬೇಕು? ಮೂಲಿಕೆಯನ್ನು ಯಾವ ತಿಥಿಯಲ್ಲಿ ಕೀಳಬೇಕು, ಯಾವ ಅನುಪಾನದಲ್ಲಿ ಕೊಡಬೇಕು ಎಂದು ಪುಟಗಟ್ಟಲೆ ವಿವರಿಸುವ ವೈದ್ಯಶಾಸ್ತ್ರದಲ್ಲಿ ಈ ಪ್ರಶ್ನೆಗೆ ದೊಡ್ಡ ಸ್ಥಾನವೇನೂ ಇಲ್ಲ. ಸೊಪ್ಪು, ಬೇರು, ತೊಗಟೆ ತಿಪ್ಪೆ ಸೇರಿದರೆ ಗೊಬ್ಬರವಾಗುತ್ತಿದ್ದುವು. ಅದಕ್ಕೊಂದು ಅಧ್ಯಾಯವೇಕೆ?

ಇಂಗ್ಲಿಷ್ ಔಷಧ ಬಂದ ಮೇಲೂ ಬಹುಕಾಲ ಈ ಪ್ರಶ್ನೆ ಏಳಲಿಲ್ಲ. ಮಿಗುವಷ್ಟು ಮದ್ದು ಮನೆಗೆ ಬರುತ್ತಲೇ ಇರಲಿಲ್ಲವೆಂಬುದೇ ಇದರ ಕಾರಣ. ಸರ್ಕಾರದ ಧರ್ಮಾಸ್ಪತ್ರೆಯಾಗಲಿ, ಲಂಡನ್ ಮಿಷನ್ನಿನವರು ಚಿಕ್ಕಬಳ್ಳಾಪುರದಲ್ಲಿ ಸ್ಥಾಪಿಸಿದ, ಈಗ ಸಿ.ಎಸ್.ಐ. ಆಸ್ಪತ್ರೆಯೆಂದು ಜನ ಕರೆಯುವ ಆಸ್ಪತ್ರೆಯಾಗಲಿ, ಆ ಕಾಲದಲ್ಲಿ ಔಷಧ ಕೊಡುವ ಕ್ರಮ ಬಹುಮಟ್ಟಿಗೆ ಒಂದೇ. ರೋಗಿ ಮನೆಯಿಂದ ಸೀಸೆ ತರಬೇಕು. ಡಾಕ್ಟರು ಚೀಟಿ ಬರೆದರೆ, ಕಾಂಪೌಂಡರು ಕಿಟಕಿಯ ಹಿಂದೆ ನಿಂತು ದೊಡ್ಡ ಜಾಡಿಗಳಿಂದ ಅಳೆದು, ಕಲಸಿ, ಆ ಸೀಸೆಗೆ ಸುರಿದು ಕೊಡುವನು. ಸೀಸೆಯ ಮಗ್ಗುಲಿಗೆ ಒಂದು ಕಾಗದದ ಪಟ್ಟಿ. ಅದರ ಅಂಚಿಗೆ ಕತ್ತರಿಯಿಂದ ಹಾಕಿದ ಕಚ್ಚುಗಳು. ಒಂದು ಕಚ್ಚು ಒಂದು ವೇಳೆಗೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು ಎಂದರೆ ಎರಡು ಮೂರು ದಿನಕ್ಕೆ ಸೀಸೆ ಬರಿದು. ಗುಣವಾಗದಿದ್ದರೆ ಅದೇ ಸೀಸೆಯನ್ನು ತೊಳೆದುಕೊಂಡು ಮತ್ತೆ ಆಸ್ಪತ್ರೆಗೆ ನಡೆಯಬೇಕು. ಮಾತ್ರೆ, ಪುಡಿಗಳೂ ಅಷ್ಟೇ: ಕಾಗದದಲ್ಲಿ ಮಡಿಸಿದ ಆರು ಪೊಟ್ಟಣ, ಎಣಿಸಿ ಕೊಟ್ಟದ್ದು. ಬಂಗಾಳದಲ್ಲಿ ೧೮೯೨ರಿಂದ ಅಂಚೆ ಕಚೇರಿಗಳಲ್ಲಿ ಮಾರತೊಡಗಿದ ಚಳಿಜ್ವರದ ಕ್ವಿನೈನ್ ಕೂಡ ಒಂದು ಪೈಸೆಯ ಪೊಟ್ಟಣವಾಗಿಯೇ ಬಂದಿತು.

ಇದನ್ನು ಸತ್ಯಯುಗವೆಂದು ವರ್ಣಿಸುವ ಉತ್ಸಾಹ ನನಗಿಲ್ಲ. ಆ ಜಾಡಿಗಳಲ್ಲಿ ಪಾದರಸದ ಕ್ಯಾಲೊಮೆಲ್ ಇದ್ದಿತು, ಪಾಷಾಣದ ದ್ರಾವಣವಿದ್ದಿತು. ಎಲ್ಲ ಜ್ವರಕ್ಕೂ ಒಂದೇ ಕಹಿನೀರನ್ನು ಸುರಿದುಕೊಟ್ಟ ಕಾಂಪೌಂಡರುಗಳೂ ಇದ್ದರು. ಆದರೆ ಒಂದು ಮಾತು ನಿಜ: ಮದ್ದು ಎಷ್ಟು ಬೇಕೋ ಅಷ್ಟೇ ಹೊಸಿಲು ದಾಟುತ್ತಿದ್ದಿತು, ಸೀಸೆಯೂ ಆಸ್ಪತ್ರೆಯೂ ಒಂದನ್ನೊಂದು ಮರೆಯುತ್ತಿರಲಿಲ್ಲ. ಎರಡು ದಿನ ಹೆಚ್ಚಿಗೆ ಇಟ್ಟರೆ ಮಿಕ್ಸ್ಚರು ತಾನಾಗಿಯೇ ಹಳಸಿ ನಾರಿ, ಮನೆಯವರೇ ಅದನ್ನು ಬಚ್ಚಲಿಗೆ ಚೆಲ್ಲುತ್ತಿದ್ದರು.

ಮನೆಮನೆಯಲ್ಲಿ ಉಳಿದ ಔಷಧ ಎಂಥ ವಸ್ತುವೆಂಬುದು ಲೋಕಕ್ಕೆ ಮೊದಲು ತಟ್ಟಿದ್ದು ಬಹುಶಃ ೧೯೩೭ರ ಶರತ್ಕಾಲದಲ್ಲಿ, ಅಮೆರಿಕದಲ್ಲಿ. ಸಲ್ಫನಿಲಮೈಡ್ ಆಗ ಹೊಸದಾಗಿ ಬಂದಿದ್ದ ದಿವ್ಯೌಷಧ. ಮಕ್ಕಳು ಮಾತ್ರೆ ನುಂಗುವುದಿಲ್ಲವೆಂದು ಟೆನ್ನೆಸೀ ಪ್ರಾಂತದ ಮಾಸೆಂಗಿಲ್ ಕಂಪನಿಯವರು ಅದನ್ನು ಸಿಹಿದ್ರಾವಣ ಮಾಡಿ, 'ಎಲಿಕ್ಸಿರ್' ಎಂದು ಹೆಸರಿಟ್ಟು ಪೇಟೆಗೆ ಬಿಟ್ಟರು. ಔಷಧವನ್ನು ಕರಗಿಸಲು ಉಪಯೋಗಿಸಿದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳು ಅನೇಕರು. ತಯಾರಾದ ೨೪೦ ಗ್ಯಾಲನ್ನನ್ನು ಊರೂರಿನಿಂದ ಹಿಂದಕ್ಕೆ ತರಿಸಲು ಸರ್ಕಾರದ ಇನ್‌ಸ್ಪೆಕ್ಟರುಗಳು ಹೊರಟರು. ಡಾಕ್ಟರ ಚೀಟಿಯನ್ನು ಹುಡುಕುವುದು, ಆ ಹೆಸರಿನವರ ಮನೆಯನ್ನು ಹುಡುಕುವುದು, ಬಾಗಿಲು ತಟ್ಟುವುದು. ಹೀಗೆ ೨೩೪ ಗ್ಯಾಲನ್ನಿಗೂ ತುಸು ಹೆಚ್ಚನ್ನು ಹಿಂದಕ್ಕೆ ಪಡೆದರು. ಇನ್ನುಳಿದ ಅಷ್ಟೇ ಅಷ್ಟು ಮಾಡಿದ ಅನರ್ಥ ಮೇಲೆ ಹೇಳಿದ್ದು. ಒಬ್ಬಾಕೆ, 'ನಾನು ಅದನ್ನು ಆಗಲೇ ನಾಶಮಾಡಿದೆ' ಎಂದಳಂತೆ. ಹೇಗೆ ನಾಶಮಾಡಿದೆಯಮ್ಮ ಎಂದು ಕೇಳಿದರೆ, ಕಿಟಕಿಯಿಂದ ಓಣಿಗೆ ಎಸೆದೆನೆಂದಳು. ಇನ್‌ಸ್ಪೆಕ್ಟರು ಹೋಗಿ ನೋಡಿದಾಗ ಸೀಸೆ ಒಡೆಯದೆ, ಚೀಟಿಯೂ ಹರಿಯದೆ ಅಲ್ಲೇ ಬಿದ್ದಿದ್ದಿತು. ಒಂದು ಮಗುವನ್ನು ಕೊಲ್ಲುವಷ್ಟು ಔಷಧ ಅದರೊಳಗೆ ಇನ್ನೂ ಇದ್ದಿತು.

ಈ ಪ್ರಸಂಗವನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವುಂಟು. 'ಎಸೆದೆ' ಎನ್ನುವುದಕ್ಕೂ 'ನಾಶಮಾಡಿದೆ' ಎನ್ನುವುದಕ್ಕೂ ನಡುವೆ ಇರುವ ಅಂತರವನ್ನು ಆ ಓಣಿಯ ಸೀಸೆಯಷ್ಟು ಸ್ಪಷ್ಟವಾಗಿ ತೋರಿಸುವ ದೃಷ್ಟಾಂತ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಅಮೆರಿಕದಲ್ಲಿ ಅದರ ಫಲವಾಗಿ ೧೯೩೮ರಲ್ಲಿ ಹೊಸ ಕಾಯಿದೆ ಬಂದಿತು. ನಮ್ಮಲ್ಲಿ ಚೋಪ್ರಾ ಸಮಿತಿ ೧೯೩೧ರಲ್ಲೇ ಕೊಟ್ಟಿದ್ದ ಸಲಹೆಯ ಮೇರೆಗೆ ೧೯೪೦ರಲ್ಲಿ ಔಷಧ ಕಾಯಿದೆಯಾಯಿತು, ೧೯೪೫ರಲ್ಲಿ ಅದರ ನಿಯಮಗಳಾದುವು. ಯಾವ ಔಷಧ ಎಷ್ಟು ಕಾಲ ಬಾಳುವುದೆಂದು ಹೇಳುವ ಒಂದು ಅನುಸೂಚಿಯೂ ಆ ನಿಯಮಗಳಲ್ಲಿ ಸೇರಿತು. ತಯಾರಿಸುವವನಿಗೆ ಕಟ್ಟು, ಮಾರುವವನಿಗೆ ಕಟ್ಟು. ಕೊಂಡವನು ಮಿಕ್ಕದ್ದನ್ನು ಏನು ಮಾಡಬೇಕೆಂಬ ಬಗ್ಗೆ ಮಾತ್ರ ಮೌನ. (ಅದೇ ಗ್ಲೈಕಾಲು ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ಪಿನೊಳಗೆ ಮತ್ತೆ ಕಾಣಿಸಿಕೊಂಡು ಮಕ್ಕಳನ್ನು ಕೊಂದಿತೆಂಬುದನ್ನು ನೆನೆದರೆ, ಮೊದಲಿನ ಎರಡು ಕಟ್ಟುಗಳೂ ಸಾಕಷ್ಟು ಬಿಗಿಯಾಗಿಲ್ಲವೆಂದೇ ಹೇಳಬೇಕು.)

ಸ್ವಾತಂತ್ರ್ಯಾನಂತರ ಚಿತ್ರ ಬದಲಾಯಿತು. ೧೯೫೪ರಲ್ಲಿ ಪಿಂಪರಿಯಲ್ಲಿ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್, ೧೯೬೧ರಲ್ಲಿ ಐ.ಡಿ.ಪಿ.ಎಲ್., ೧೯೮೧ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕರ್ನಾಟಕ ಆಂಟಿಬಯೋಟಿಕ್ಸ್ ಹುಟ್ಟಿದುವು. ೧೯೭೦ರ ಪೇಟೆಂಟ್ ಕಾಯಿದೆಯ ಬಲದಿಂದ ಖಾಸಗಿ ಕಾರ್ಖಾನೆಗಳೂ ಬೆಳೆದು ಮದ್ದು ಅಗ್ಗವಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಜಾಡಿ ಹೋಗಿ ಹಾಳೆ ಬಂದಿತು. ಹತ್ತು ಹತ್ತು, ಹದಿನೈದು ಹದಿನೈದು ಮಾತ್ರೆಗಳ ಹಾಳೆ. ಐದು ದಿನದ ಚೀಟಿಗೆ ಹತ್ತರ ಹಾಳೆ. ಕತ್ತರಿಸಿ ಕೊಡುವ ಅಂಗಡಿಯವರೂ ಉಂಟು. ಕತ್ತರಿಸಿದ ತುಂಡಿನಲ್ಲಿ ಅವಧಿಯ ತಾರೀಖು ಉಳಿದರೆ ಉಳಿಯಿತು, ಇಲ್ಲವಾದರೆ ಇಲ್ಲ. ಡಾಕ್ಟರು ಮದ್ದು ಬದಲಿಸುತ್ತಾರೆ, ಹಳೆಯದು ಮಿಗುತ್ತದೆ. ಮೂರನೆಯ ದಿನಕ್ಕೆ ಜ್ವರ ಬಿಡುತ್ತದೆ. ಉಳಿದ ಆಂಟಿಬಯೋಟಿಕ್ ಮುಂದಿನ ಜ್ವರಕ್ಕೆಂದು ಬೀರುವನ್ನು ಸೇರುತ್ತದೆ, ಅಥವಾ ಪಕ್ಕದ ಮನೆಯ ಹುಡುಗನ ಗಂಟಲುನೋವಿಗೆ ದಾನವಾಗುತ್ತದೆ. ಇಂಥ ಔಷಧಗಳು ಚೀಟಿಯಿಲ್ಲದೆ ಕೈಬದಲಾಗಬಾರದೆಂದು ೨೦೧೩ರಲ್ಲಿ 'ಎಚ್೧' ಎಂಬ ಪ್ರತ್ಯೇಕ ಅನುಸೂಚಿಯನ್ನೇ ಮಾಡಿದರು. ಅಡಿಗೆಮನೆಯ ಗೋಡೆ ದಾಟಿ ನಡೆಯುವ ಈ ವ್ಯವಹಾರವನ್ನು ಯಾವ ಅನುಸೂಚಿ ತಡೆದೀತು?

ಎಲ್ಲಕ್ಕಿಂತ ಹೆಚ್ಚಾಗಿ, ರೋಗಿ ತೀರಿಹೋಗುತ್ತಾನೆ, ಮದ್ದು ಉಳಿಯುತ್ತದೆ. ಶಿಡ್ಲಘಟ್ಟದಲ್ಲಿ ನನಗೆ ಬೇಕಾದವರ ಮನೆಯೊಂದುಂಟು. ಮೂರು ತಲೆಮಾರಿನಿಂದ ರೇಷ್ಮೆನೂಲಿನ ವ್ಯಾಪಾರ. ಹಿರಿಯರು ಹೋದ ಹನ್ನೊಂದನೆಯ ದಿನದ ಮೇಲೆ ಅವರ ಹಾಸಿಗೆ, ಬಟ್ಟೆ, ಕೋಲು ಎಲ್ಲವಕ್ಕೂ ಗತಿ ಕಾಣಿಸಿದರು. ಮಂಚದ ತಲೆಯ ಕಡೆ ಇದ್ದ ಬಿಸ್ಕತ್ತಿನ ಡಬ್ಬಿಗೆ ಮಾತ್ರ ಗತಿಯಿಲ್ಲ. ರಕ್ತದೊತ್ತಡದ್ದು, ಸಕ್ಕರೆಯದು, ನಿದ್ರೆಯದು, ಕೊನೆಯ ತಿಂಗಳ ನೋವಿನದು. ದುಡ್ಡು ಕೊಟ್ಟು ತಂದದ್ದು, ಎಸೆಯಲು ಮನಸ್ಸಿಲ್ಲ. ಇಟ್ಟುಕೊಳ್ಳಲು ಧೈರ್ಯವಿಲ್ಲ, ಮನೆಯಲ್ಲಿ ಓಡಾಡುವ ಮಗು. ಅಂಗಡಿಗೆ ಕೊಡಹೋದರೆ, 'ಕತ್ತರಿಸಿದ ಹಾಳೆ ನಾವು ವಾಪಸು ತೆಗೆದುಕೊಳ್ಳುವುದಿಲ್ಲ, ಸ್ವಾಮಿ' ಎಂಬ ಉತ್ತರ. ಅಂಗಡಿಯವನು ಹೇಳಿದ್ದು ತಪ್ಪಲ್ಲ. ಬೇರೆಯವರ ಮನೆಯಲ್ಲಿ ಹೇಗಿಟ್ಟಿದ್ದರೋ ಏನೋ, ಅದನ್ನು ಮತ್ತೊಬ್ಬರಿಗೆ ಮಾರಲಾಗದು. ಆದರೆ ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಅಂಗಡಿಯ ಕಪಾಟಿನಲ್ಲೇ ಅವಧಿ ಮುಗಿದ ಮದ್ದು ಸಗಟು ವ್ಯಾಪಾರಿಯ ಮೂಲಕ ಕಂಪನಿಗೆ ಹಿಂದಿರುಗುತ್ತದೆ. ಲೆಕ್ಕಕ್ಕೆ ಲೆಕ್ಕ ಹೊಂದುತ್ತದೆ. ಎಂದರೆ ಕಾರ್ಖಾನೆಯಿಂದ ಅಂಗಡಿಯವರೆಗೆ ಹೋಗುವ ದಾರಿಯೂ ಇದೆ, ಬರುವ ದಾರಿಯೂ ಇದೆ. ಅಂಗಡಿಯಿಂದ ಮನೆಗೆ ಹೋಗುವ ಕಡೆಯ ನೂರು ಗಜ ಮಾತ್ರ ಏಕಮುಖ ರಸ್ತೆ.

ಹೀಗೆ ದಾರಿ ಕಾಣದ ಮದ್ದು ಎರಡೇ ಕಡೆ ಹೋಗುತ್ತದೆ: ಕಸದ ಬುಟ್ಟಿಗೆ, ಇಲ್ಲವೆ ಬಚ್ಚಲು ಕಕ್ಕಸುಗಳಿಗೆ. ಮಾತ್ರೆಯನ್ನು ನೀರಿಗೆ ಬಿಟ್ಟರೆ ಮಗುವಿನ ಕೈಗೆ ಸಿಕ್ಕದು, ಹಸುವಿನ ಬಾಯಿಗೆ ಬೀಳದು ಎಂದು ತಿಳಿವಳಿಕೆಯುಳ್ಳವರೇ ಎರಡನೆಯದನ್ನು ಆರಿಸಿಕೊಳ್ಳುತ್ತಾರೆ. ನೀರು ಹರಿದುಹೋಯಿತು, ತೊಂದರೆ ತೊಲಗಿತು ಎಂಬ ಭಾವನೆ. ಎಲ್ಲಿಗೆ ಹರಿಯಿತು ಎಂಬುದನ್ನು ತಿಳಿಯಲು ನಮ್ಮ ಸೀಮೆಯ ನೀರಿನ ಚರಿತ್ರೆಯನ್ನು ಕೊಂಚ ನೋಡಬೇಕು.

ನಂದಿಬೆಟ್ಟದ ಸಾಲು ನದಿಗಳ ತವರು. ಉತ್ತರ ಪಿನಾಕಿನಿ ಗೌರಿಬಿದನೂರಿನ ಮಗ್ಗುಲಾಗಿ ಆಂಧ್ರಕ್ಕೆ ಇಳಿಯುತ್ತದೆ, ದಕ್ಷಿಣ ಪಿನಾಕಿನಿ ತಮಿಳುನಾಡಿಗೆ, ಅರ್ಕಾವತಿ ಕಾವೇರಿಗೆ, ಚಿತ್ರಾವತಿ, ಪಾಪಾಘ್ನಿಗಳೂ ಇಲ್ಲಿಯವೇ. ತವರಿನಲ್ಲಿ ಮಾತ್ರ ನೀರಿಲ್ಲ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ನಾಡಿನಲ್ಲಿ ನಮ್ಮ ಹಿರಿಯರು ಹಳ್ಳಕ್ಕೊಂದು ಕೆರೆ ಕಟ್ಟಿ ಬದುಕಿದರು. ಬೆಟ್ಟದ ಅರ್ಕಾವತಿಯ ನೀರನ್ನು ಮೊದಲು ಕೊಳವೆಯಲ್ಲಿ ಕುಡಿದವರು ನಾವಲ್ಲ, ಬೆಂಗಳೂರಿನವರು. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ, ೧೮೯೪ರ ಹೆಸರಘಟ್ಟದ ಯೋಜನೆಯಿಂದ ಅದು ಮೊದಲಾಯಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂದಿತು. ಅದೂ ಸಾಲದೆ ೧೯೭೪ರಲ್ಲಿ ಕಾವೇರಿ ಬೆಂಗಳೂರಿಗೆ ಹತ್ತಿ ಬಂದಳು. ಅತ್ತ ನಮ್ಮ ಕೆರೆಗಳು ಒಣಗಿ ಹೂಳು ತುಂಬಿದುವು. ಕೊಳವೆಬಾವಿ ಸಾವಿರ, ಸಾವಿರದೈನೂರು ಅಡಿಗಿಳಿಯಿತು. ಆ ಆಳದಿಂದ ಫ್ಲೋರೈಡು ಬೆರೆತ ನೀರು ಬಂದಿತು.

ಆಗ ಹಿಂದೆ ಯಾರೂ ಊಹಿಸದಿದ್ದ ಒಂದು ಯೋಜನೆ ಹುಟ್ಟಿತು. ಬೆಂಗಳೂರಿನ ಮನೆಗಳಲ್ಲಿ ಉಪಯೋಗಿಸಿ ಬಿಟ್ಟ ನೀರನ್ನು ಶುದ್ಧೀಕರಿಸಿ, ಪಂಪು ಹಾಕಿ ಮೇಲಕ್ಕೆತ್ತಿ, ಕೋಲಾರ, ಚಿಕ್ಕಬಳ್ಳಾಪುರಗಳ ಕೆರೆಗಳಿಗೆ ತುಂಬಿಸುವುದು. ಕುಡಿಯುವುದಕ್ಕಲ್ಲ, ಅಂತರ್ಜಲ ಹೆಚ್ಚಲೆಂದು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು, ದಿನಕ್ಕೆ ೪೪ ಕೋಟಿ ಲೀಟರಿನ ಲೆಕ್ಕದಲ್ಲಿ, ಕೋಲಾರ ಜಿಲ್ಲೆಗೂ ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳಿಗೂ. ಹೆಬ್ಬಾಳ–ನಾಗವಾರ ಕಣಿವೆಯದು, ದಿನಕ್ಕೆ ೨೧ ಕೋಟಿ ಲೀಟರಿನಂತೆ, ೬೫ ಕೆರೆಗಳಿಗೆ. ಅವುಗಳಲ್ಲಿ ಬಹುಪಾಲು ಚಿಕ್ಕಬಳ್ಳಾಪುರ ಜಿಲ್ಲೆಯವು, ಚಿಕ್ಕಬಳ್ಳಾಪುರದ ಕಂದವಾರ ಕೆರೆಯೂ ಅದರಲ್ಲೊಂದು. ಎರಡನೆಯದನ್ನು ಎಲ್ಲರೂ ಚುಟುಕಾಗಿ 'ಎಚ್.ಎನ್. ವ್ಯಾಲಿ' ಎನ್ನುತ್ತಾರೆ. ಗೌರಿಬಿದನೂರಿನ ಸೀಮೆಯಲ್ಲಿ 'ಎಚ್ಚೆನ್' ಎಂದರೆ ಹೊಸೂರಿನಲ್ಲಿ ಹುಟ್ಟಿ, ಕೇಳದೆ ಏನನ್ನೂ ಒಪ್ಪಬೇಡಿರೆಂದು ಬಾಳೆಲ್ಲ ಬೋಧಿಸಿದ ಎಚ್. ನರಸಿಂಹಯ್ಯನವರೇ ನೆನಪಾಗುವುದು ಸಹಜ. ಹೆಸರು ಕಾಕತಾಳೀಯವಾದರೂ, ಈ ನೀರಿನ ಬಗ್ಗೆ ಪ್ರಶ್ನೆ ಕೇಳುವುದು ಅವರಿಗೆ ಇಷ್ಟವಾದ ಕೆಲಸವೇ ಆಗುತ್ತಿದ್ದಿತು.

ಪ್ರಶ್ನೆ ಕೇಳಿದವರೂ ಇದ್ದರು. ಕೋಲಾರದ ಕಡೆ ನೀರು ಹರಿಯತೊಡಗಿದ್ದು ೨೦೧೮ರ ಜೂನಿನಲ್ಲಿ. ಮರುತಿಂಗಳೇ ನೊರೆ ಕಾಣಿಸಿಕೊಂಡಿತು. ವ್ಯಾಜ್ಯ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಿ, ತಡೆಯಾಜ್ಞೆಗಳಾಗಿ, ೨೦೧೯ರಲ್ಲಿ ತೆರವಾಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಪಟ್ಟುಹಿಡಿದರು. ಒಣಗಿದ ಕೆರೆಯಲ್ಲಿ ನೀರು ನಿಂತುದನ್ನು ಕಂಡು ಸಂತೋಷಪಟ್ಟ ರೈತರೂ ಅಷ್ಟೇ ನಿಜ. ಬತ್ತಿದ ಬಾವಿಗೆ ನೀರು ಮರಳುವುದು ಅಲ್ಲಗಳೆಯತಕ್ಕ ವಿಷಯವಲ್ಲ. ನಾನು ಈ ಜಗಳದ ತೀರ್ಪು ಹೇಳಹೊರಟವನಲ್ಲ. ನಮ್ಮ ಬಿಸ್ಕತ್ತಿನ ಡಬ್ಬಿಗೆ ಸಂಬಂಧಪಟ್ಟಷ್ಟನ್ನು ಮಾತ್ರ ಹೇಳಬೇಕು.

ಶುದ್ಧೀಕರಣದ ಮೊದಲ ಹಂತದಲ್ಲಿ ಕಸ, ಮಣ್ಣು ತಳಕ್ಕಿಳಿಯುತ್ತವೆ. ಎರಡನೆಯದರಲ್ಲಿ ಕೊಳಕನ್ನು ತಿನ್ನುವ ಕೆಲಸವನ್ನು ಬ್ಯಾಕ್ಟೀರಿಯಾಗಳಿಗೇ ವಹಿಸುತ್ತಾರೆ. ಅವು ಮಲವನ್ನೂ ಅನ್ನದ ಗಂಜಿಯನ್ನೂ ಚೆನ್ನಾಗಿ ತಿನ್ನುತ್ತವೆ. ಔಷಧವನ್ನು ತಿನ್ನಲೆಂದು ಯಾರೂ ಆ ಏರ್ಪಾಡನ್ನು ಮಾಡಿದ್ದಲ್ಲ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಬಹುಮಟ್ಟಿಗೆ ಹೇಗೆ ಬಂದಿತೋ ಹಾಗೇ ಹೊರಟುಹೋಗುತ್ತದೆಂದೂ ನೋವಿನ ಡೈಕ್ಲೋಫಿನಾಕ್ ಭಾಗಶಃ ಮಾತ್ರ ಕರಗುತ್ತದೆಂದೂ ಬೇರೆ ಬೇರೆ ದೇಶಗಳ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆಂಟಿಬಯೋಟಿಕ್ಕಿನ ಮಾತು ಇನ್ನೂ ಕಠಿನ: ಬ್ಯಾಕ್ಟೀರಿಯಾವನ್ನು ಕೊಲ್ಲಲು ಮಾಡಿದ ಮದ್ದು ಬ್ಯಾಕ್ಟೀರಿಯಾಗಳೇ ದುಡಿಯುವ ತೊಟ್ಟಿಗೆ ಬರುತ್ತದೆ; ಸಾಯದೆ ಉಳಿದವು ಅದಕ್ಕೆ ಜಗ್ಗದಿರುವುದನ್ನು ಕಲಿತು ಮುಂದಕ್ಕೆ ಹರಿಯುತ್ತವೆ.

ನ್ಯಾಯವಾಗಿ ಹೇಳುವುದಾದರೆ, ಚರಂಡಿಯನ್ನು ಸೇರುವ ಔಷಧದಲ್ಲಿ ಹೆಚ್ಚು ಪಾಲು ಎಸೆದದ್ದಲ್ಲ, ನುಂಗಿದ್ದು. ನುಂಗಿದ ಮಾತ್ರೆಯ ಒಂದಂಶ ಮೂತ್ರದಲ್ಲಿ ಹೊರಟೇ ಹೋಗುತ್ತದೆ. ಅದನ್ನು ತಡೆಯಲು ರೋಗಿಯಿಂದಾಗದು. ಆದರೆ ಹಾಳೆಹಾಳೆಯಾಗಿ ಬಿಡಿಸಿ ಕಕ್ಕಸಿಗೆ ಸುರಿದದ್ದು ದೇಹದೊಳಗೆ ಸ್ವಲ್ಪವೂ ಸವೆಯದೆ ಪೂರಾ ಪೂರಾ ಹೋಗುತ್ತದೆ. ಮಲ್ಲೇಶ್ವರದಲ್ಲೋ ಇಂದಿರಾನಗರದಲ್ಲೋ ಕುಳಿತು ಈ ಪತ್ರಿಕೆಯನ್ನು ಓದುತ್ತಿರುವವರು, ತಮ್ಮ ಮನೆಯಿಂದ ಹೊರಟ ನೀರು ನಿಸರ್ಗದ ಇಳಿಜಾರನ್ನೂ ಮೀರಿ ನಂದಿಯ ಮಗ್ಗುಲಿಗೆ, ಚಿಂತಾಮಣಿಯ ಕೆರೆಗೆ ಹತ್ತಿಹೋಗಬಹುದೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು. ಆ ಕೆರೆಯಲ್ಲಿ ಎಮ್ಮೆ ಮೈ ತೋಯಿಸುತ್ತದೆ. ಕೆಳಗಿನ ತೋಟದ ಹಿಪ್ಪುನೇರಳೆಗೆ, ಕೊತ್ತಂಬರಿ ಸೊಪ್ಪಿಗೆ, ಟೊಮೇಟೊಗೆ ಅದರ ಊಟೆ. ಸೊಪ್ಪು, ತರಕಾರಿ ಲಾರಿಯೇರಿ ಮತ್ತೆ ಬೆಂಗಳೂರಿಗೇ ಹೋಗುತ್ತವೆ. ನಮ್ಮೂರುಗಳವರೂ ಬೀಗಬೇಕಾಗಿಲ್ಲ. ನಮ್ಮ ಚರಂಡಿಗಳೂ ಇಳಿಯುವುದು ಕೆರೆಯ ದಿಕ್ಕಿಗೇ; ನಡುವೆ ಆ ಎರಡು ಹಂತಗಳೂ ಎಷ್ಟೋ ಕಡೆ ಇಲ್ಲ.

ನೀರಿನಲ್ಲಿ ಮದ್ದು ಅತಿಯಾದರೆ ಏನಾಗುವುದೆಂಬುದಕ್ಕೆ ಹೈದರಾಬಾದಿನ ಬಳಿಯ ಪಟಾನ್‌ಚೆರು ಸಾಕ್ಷಿ. ಸುಮಾರು ತೊಂಬತ್ತು ಔಷಧ ಕಾರ್ಖಾನೆಗಳ ನೀರನ್ನು ಶುದ್ಧೀಕರಿಸಿ ಬಿಡುತ್ತಿದ್ದ ಕೇಂದ್ರದ ಹೊರನೀರನ್ನು ಸ್ವೀಡನ್ನಿನ ವಿಜ್ಞಾನಿ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ ೨೦೦೭ರಲ್ಲಿ ವರದಿಮಾಡಿದರು: ಲೀಟರೊಂದಕ್ಕೆ ೩೧ ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಾಸಿನ್. ಔಷಧ ಕುಡಿದ ರೋಗಿಯ ರಕ್ತದಲ್ಲಿರುವುದಕ್ಕಿಂತಲೂ ಅದು ಹೆಚ್ಚು. ಕಾರ್ಖಾನೆಯ ನೀರಿಗೂ ಮನೆಯ ನೀರಿಗೂ ಹೋಲಿಕೆ ಸಲ್ಲದು, ನಿಜ. ಅಲ್ಪ ಪ್ರಮಾಣವೂ ಸಾಕೆಂಬುದಕ್ಕೆ ಇನ್ನೊಂದು ಸಾಕ್ಷಿಯನ್ನು ಆಕಾಶದಿಂದ ಕರೆಯಬೇಕು. ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್ ಅವುಗಳ ಹೆಣದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿವೆಯೆಂದು ೨೦೦೪ರಲ್ಲಿ ಗೊತ್ತಾಯಿತು. ೨೦೦೬ರಲ್ಲಿ ಸರ್ಕಾರ ಪಶುಗಳಿಗೆ ಆ ಮದ್ದನ್ನು ನಿಷೇಧಿಸುವ ಹೊತ್ತಿಗೆ ದೇಶದ ಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋಗಿದ್ದುವು. ಅಳಿದುಳಿದವಕ್ಕೆಂದು ನಮ್ಮ ರಾಮನಗರದ ರಾಮದೇವರಬೆಟ್ಟವನ್ನು ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ನಂದಿಯಲ್ಲಿ ಹುಟ್ಟಿದ ಅರ್ಕಾವತಿ ರಾಮನಗರವನ್ನು ಹಾದೇ ಹೋಗುತ್ತಾಳೆ.

ಬಚ್ಚಲು ಬೇಡವೆಂದರೆ ಉಳಿದದ್ದು ಕಸ. ೨೦೧೬ರ ಘನತ್ಯಾಜ್ಯ ನಿಯಮಗಳು ಅವಧಿ ಮೀರಿದ ಔಷಧವನ್ನು ಬಣ್ಣದ ಡಬ್ಬಿ, ಒಡೆದ ಪಾದರಸದ ಥರ್ಮಾಮೀಟರು, ಸೂಜಿಗಳ ಸಾಲಿನಲ್ಲಿ ಸೇರಿಸಿ, 'ಗೃಹಬಳಕೆಯ ಅಪಾಯಕಾರಿ ಕಸ' ಎಂದು ಕರೆದುವು. ಇಪ್ಪತ್ತು ಚದರ ಕಿಲೋಮೀಟರಿಗೊಂದರಂತೆ ಅದನ್ನು ಒಪ್ಪಿಸಿಕೊಳ್ಳುವ ಕೇಂದ್ರವನ್ನು ಸ್ಥಳೀಯ ಸಂಸ್ಥೆಗಳು ತೆರೆಯಬೇಕೆಂದೂ ವಿಧಿಸಿದುವು. ನಿಯಮ ಬರೆದವರ ಅಂಕಗಣಿತದಲ್ಲಿ ತಪ್ಪಿಲ್ಲ. ಊರಿನಲ್ಲಿ ಅಂಥ ಕೇಂದ್ರ ಎಲ್ಲಿದೆಯೆಂದು ಓದುಗರು ತಮ್ಮ ಅಕ್ಕಪಕ್ಕದವರನ್ನು ಒಮ್ಮೆ ವಿಚಾರಿಸಿ ನೋಡಲಿ.

ಮಿಕ್ಕ ಮದ್ದನ್ನು ಹೇಗೆ ತೀರಿಸಬೇಕೆಂಬ ವಿದ್ಯೆಯನ್ನು ಲೋಕ ಕಲಿತದ್ದು ಮನೆಗಳಿಂದಲ್ಲ, ಯುದ್ಧದಿಂದ. ಬಾಸ್ನಿಯದ ಯುದ್ಧಕಾಲದಲ್ಲಿ, ೧೯೯೨ರಿಂದ ೧೯೯೬ರವರೆಗೆ, ದಯಾಳು ದೇಶಗಳು ಕಳುಹಿಸಿದ ಔಷಧದಲ್ಲಿ ೧೭,೦೦೦ ಟನ್ನು ಕೆಲಸಕ್ಕೆ ಬಾರದ್ದು: ಅವಧಿ ಮೀರಿದ್ದು, ಗುರುತು ಸಿಕ್ಕದ್ದು. ದಾನ ಕೊಟ್ಟವರ ಮನೆಯ ಕಪಾಟು ಖಾಲಿಯಾಯಿತು, ಪಡೆದವರ ಊರು ತುಂಬಿತು. ಇಂಥ ಅನುಭವಗಳಿಂದ ವಿಶ್ವ ಆರೋಗ್ಯ ಸಂಸ್ಥೆ ೧೯೯೯ರಲ್ಲಿ ಒಂದು ಮಾರ್ಗದರ್ಶಿಯನ್ನು ಹೊರಡಿಸಿತು: ಅತಿ ಹೆಚ್ಚಿನ ಉಷ್ಣತೆಯ ಕುಲುಮೆಯಲ್ಲಿ, ಬೇಕಾದರೆ ಸಿಮೆಂಟಿನ ಗೂಡಿನಲ್ಲಿ ಸುಡುವುದು, ಅದಿಲ್ಲದೆಡೆ ಪೀಪಾಯಿಗೆ ತುಂಬಿ ಸಿಮೆಂಟು, ಸುಣ್ಣ ಸುರಿದು ಗಟ್ಟಿಮಾಡಿ ಹೂಳುವುದು. ಹಿತ್ತಲಿನ ಒಲೆಯಲ್ಲಿ ಸುಡುವುದು ಇದಕ್ಕೆ ಬದಲಲ್ಲ. ಮಾತ್ರೆಯ ಹಾಳೆಯ ಪ್ಲಾಸ್ಟಿಕ್ಕು ಕಡಿಮೆ ಉರಿಯಲ್ಲಿ ವಿಷದ ಹೊಗೆಯನ್ನೇ ಕೊಡುತ್ತದೆ.

ಅಂಗಡಿಯ ಮೂಲಕವೇ ಮನೆಯ ಮದ್ದನ್ನು ಹಿಂದಕ್ಕೆ ಪಡೆಯುವ ಏರ್ಪಾಡನ್ನು ಸ್ವೀಡನ್ನಿನವರು ೧೯೭೧ರಷ್ಟು ಹಿಂದೆಯೇ ಮಾಡಿದರು. ಫ್ರಾನ್ಸಿನಲ್ಲಿ ೧೯೯೩ರಿಂದ ಇದೆ. ನಮಗೆ ಅಷ್ಟು ದೂರ ಹೋಗಬೇಕಾದ್ದಿಲ್ಲ. ನೆರೆಯ ಕೇರಳ ೨೦೨೫ರಲ್ಲಿ 'ಎನ್‌ಪ್ರೌಡ್' ಎಂಬ ಯೋಜನೆಯನ್ನು ಕೋಳಿಕ್ಕೋಡಿನಲ್ಲಿ ಆರಂಭಿಸಿ, ಮನೆಗಳಿಂದಲೂ ನೀಲಿ ಪೆಟ್ಟಿಗೆಗಳಿಂದಲೂ ಹಳೆಯ ಔಷಧವನ್ನು ಕೂಡಿಸಿ ಎರ್ನಾಕುಳಂ ಜಿಲ್ಲೆಯ ಕುಲುಮೆಗೆ ಕಳುಹಿಸತೊಡಗಿತು. ಅದೇ ವರ್ಷ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯೂ ಒಂದು ಮಾರ್ಗದರ್ಶಿಯನ್ನು ಪ್ರಕಟಿಸಿ, ರಾಜ್ಯಗಳ ಔಷಧ ಇಲಾಖೆಗಳು ಔಷಧ ವ್ಯಾಪಾರಿಗಳ ಸಂಘಗಳೊಡನೆ ಸೇರಿ ಇಂಥ 'ವಾಪಸಾತಿ'ಯನ್ನು ಆರಂಭಿಸಬಹುದೆಂದಿತು. 'ಬಹುದು' ಎಂಬ ಕ್ರಿಯಾಪದದ ಸ್ವಭಾವ ವ್ಯಾಕರಣ ಓದಿಸುವವರಿಗೆ ಗೊತ್ತು.

ಆ ಮಾರ್ಗದರ್ಶಿಯ ಒಂದು ಅಂಶ ಮೇಲುನೋಟಕ್ಕೆ ನಾನು ಇದುವರೆಗೆ ಹೇಳಿದ್ದಕ್ಕೆ ವಿರುದ್ಧವಾಗಿದೆ. ಹದಿನೇಳು ಮದ್ದುಗಳನ್ನು ಪಟ್ಟಿಮಾಡಿ, ಇವನ್ನು ಕಕ್ಕಸಿನಲ್ಲೇ ಬಿಟ್ಟು ನೀರು ಹಾಯಿಸಿರಿ ಎಂದು ಅದು ಹೇಳುತ್ತದೆ. ಮಾರ್ಫೀನ್, ಫೆಂಟನಿಲ್, ಟ್ರಮಡಾಲ್, ಟಪೆಂಟಡಾಲ್, ಡಯಜೆಪಾಮ್ ಮೊದಲಾದ ನೋವಿನ, ನಿದ್ರೆಯ ಮದ್ದುಗಳು ಅವು. ಬೇರೆಯವರ ಕೈಗೆ ಸಿಕ್ಕರೆ ಒಂದೇ ಸಲಕ್ಕೆ ಪ್ರಾಣ ತೆಗೆಯಬಲ್ಲವು, ಚಟ ಹಿಡಿಸಬಲ್ಲವು. ಆದ್ದರಿಂದ ಕೆರೆಗಿಂತ ಮಗು ಮುಖ್ಯವೆಂಬ ತೀರ್ಮಾನ. ಪೆಟ್ಟಿಗೆಯೂ ಇಲ್ಲ, ಕೇಂದ್ರವೂ ಇಲ್ಲ ಎಂಬ ಸ್ಥಿತಿಯಲ್ಲಿ ಈ ಹದಿನೇಳಕ್ಕೆ ಅದು ಸರಿಯೆಂದೇ ನನಗೂ ತೋರುತ್ತದೆ. ಮಿಕ್ಕ ನೂರಾರು ಮದ್ದುಗಳಿಗೆ ಅದನ್ನು ಹಬ್ಬಿಸುವುದು ಸರಿಯಲ್ಲ.

ಹಾಗಾದರೆ ಆ ನೂರಾರಕ್ಕೆ, ಈಗ, ಗೌರಿಬಿದನೂರಿನ ಒಂದು ಮನೆಯಲ್ಲಿ ಏನು ಮಾಡಬೇಕು? ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ, ಪುಡಿಮಾಡದೆ, ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಕಾಫಿ ಚರಟದೊಡನೆಯೋ ಬೂದಿ, ಮಣ್ಣಿನೊಡನೆಯೋ ಕಲಸಬೇಕು. ಮಗುವಿಗೂ ನಾಯಿಗೂ ಬಾಯಿಗಿಡಲು ಅಸಹ್ಯವಾಗುವಂತಿರಬೇಕು. ಸಿರಪ್ಪನ್ನೂ ಅದಕ್ಕೇ ಸುರಿಯಬಹುದು. ಮುಚ್ಚಳವಿರುವ ಹಳೆಯ ಡಬ್ಬಿಯಲ್ಲಿ ಭದ್ರಮಾಡಿ, ತಿಪ್ಪೆಗೂ ಹಸಿಕಸಕ್ಕೂ ಹಾಕದೆ, ಕಸದ ಗಾಡಿಯವರಿಗೆ ಬೇರೆಯಾಗಿ, ಹೇಳಿ ಕೊಡಬೇಕು. ಚೀಟಿಯ ಮೇಲಿನ ಹೆಸರನ್ನು ಅಳಿಸಬೇಕು. ಇನ್ಸುಲಿನ್ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗುರುತು ಹಾಕಬೇಕು. ಉಬ್ಬಸದ ಇನ್‌ಹೇಲರನ್ನು ಬೆಂಕಿಗೆ ಹಾಕಿದರೆ ಸಿಡಿಯುತ್ತದೆ. ಕ್ಯಾನ್ಸರಿನ ಮಾತ್ರೆಯನ್ನು ಬರಿಗೈಯಲ್ಲಿ ಮುಟ್ಟದೆ, ಕೊಟ್ಟ ಆಸ್ಪತ್ರೆಗೇ ಒಪ್ಪಿಸಲು ಕೇಳಬೇಕು. ಆಸ್ಪತ್ರೆಗಳ ಕಸಕ್ಕೆ ಬೇರೆ ನಿಯಮ, ಬೇರೆ ಗಾಡಿ, ೧,೨೦೦ ಡಿಗ್ರಿಯ ಕುಲುಮೆ ಉಂಟು. ಎಲ್ಲಕ್ಕಿಂತ ಮೊದಲು, ಅಂಗಡಿಯಲ್ಲಿ ಐದು ದಿನದ ಚೀಟಿಗೆ ಐದು ದಿನದ್ದನ್ನೇ ಕೇಳುವ ಸಂಕೋಚ ಬಿಡಬೇಕು.

ಇನ್ನೊಂದು ಮಾತು. ರಕ್ತದೊತ್ತಡ, ಸಕ್ಕರೆ ರೋಗಗಳನ್ನು ಮನೆಬಾಗಿಲಲ್ಲೇ ಪರೀಕ್ಷಿಸಿ ಮದ್ದು ತಲುಪಿಸಲು 'ಗೃಹ ಆರೋಗ್ಯ'ವೆಂಬ ಯೋಜನೆಯನ್ನು ರಾಜ್ಯ ಸರ್ಕಾರ ೨೦೨೪ರಲ್ಲಿ ನಮ್ಮ ಪಕ್ಕದ ಕೋಲಾರದಲ್ಲೇ ಮೊದಲು ಮಾಡಿತು. ಹಳೆಯ ಕಾಲದಲ್ಲಿ ಸೀಸೆ ಆಸ್ಪತ್ರೆಗೆ ನಡೆಯುತ್ತಿದ್ದಿತು. ಈಗ ಆಸ್ಪತ್ರೆ ಹೊಸಿಲಿಗೆ ಬರುತ್ತಿದೆ. ಆ ಆರೋಗ್ಯ ಕಾರ್ಯಕರ್ತೆ ಮಾತ್ರೆ ಕೊಟ್ಟ ಮೇಲೆ, 'ಅಜ್ಜಿ, ಹಳೆಯದೇನಾದರೂ ಇದ್ದರೆ ಕೊಡಿ' ಎಂದು ಕೇಳುವಂತೆ ಒಂದು ಆಜ್ಞೆ ಹೊರಟರೆ, ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಇಲಾಖೆ ಬೇಡ. ಬರುವಾಗ ತುಂಬಿದ್ದ ಅವಳ ಚೀಲದಲ್ಲಿ ಹೋಗುವಾಗ ಜಾಗವಿದ್ದೇ ಇರುತ್ತದೆ.